ನೀರು ಕುಡಿಯದ ವಂಶ

ಫೆಬ್ರವರಿ 11
ಕ್ರೇನಿನ ಕ್ಯಾಬಿನ್‌ನಿಂದ

ಕನ್ನಡಕದವನೇ,

ಗಾಳಿ ಜೋರಾಗಿದೆ, ಕೆಲಸ ನಿಂತಿದೆ. ಇಲ್ಲಿ ಮೇಲೆ ಫೋನ್ ಮುಟ್ಟುವಂತಿಲ್ಲ, ಪೆನ್ನಿಗೆ ಯಾರ ಅಡ್ಡಿಯೂ ಇಲ್ಲ. ಹೇಗೂ ಫೋನಿನಲ್ಲಿ ನಾವಿಬ್ಬರೂ ಎರಡು ಮಾತಿಗೆ ಮೂರು ಜಗಳ ಆಡುತ್ತೇವೆ, ಕಾಗದವೇ ವಾಸಿ.

ಸ್ಕ್ಯಾನ್ ಮಾಡಿಸು, ಸ್ಕ್ಯಾನ್ ಮಾಡಿಸು ಎಂದು ವರ್ಷಗಟ್ಟಲೆ ತಲೆ ತಿಂದೆಯಲ್ಲ, ಮಾಡಿಸಿದೆ. ಎರಡೂ ಕಿಡ್ನಿಯಲ್ಲಿ ನೀರು ತುಂಬಿದ ಗುಳ್ಳೆಗಳು. ಮೊನ್ನೆ ಫೋನಿನಲ್ಲಿ ಇಷ್ಟು ಹೇಳುವುದರೊಳಗೆ ನೀನು “ಇದು ಅಪ್ಪಂದು” ಎಂದೆ. ಅದಕ್ಕೇ ಫೋನ್ ಕುಕ್ಕಿದ್ದು. ಸತ್ತವರ ಮೇಲೆ ಗೂಬೆ ಕೂರಿಸಬೇಡ.

ಇದನ್ನು ಕೊಟ್ಟದ್ದು ಅಪ್ಪನಲ್ಲ, ಈ ಕ್ರೇನ್. ಅಪ್ಪ ಕೂತ ಕುರ್ಚಿಯಂಥದ್ದೇ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ, ಅಪ್ಪನ ಕಿಡ್ನಿಗೆ ಆದದ್ದೇ ನನ್ನದಕ್ಕೂ ಆಗಿದೆ. ಇದರಲ್ಲಿ ರಹಸ್ಯ ಏನಿದೆ? ಕ್ರೇನ್ ಹತ್ತುವವರು ಎದ್ದ ಮೇಲೆ ನೀರು ಮುಟ್ಟುವುದಿಲ್ಲ. ಕುಡಿದರೆ ಇಳಿಯಬೇಕು, ಇಳಿದರೆ ಇಡೀ ಸೈಟ್ ಕೈಕಟ್ಟಿ ನಿಲ್ಲುತ್ತದೆ. ಗಂಡಸರಿಗಾದರೆ ಖಾಲಿ ಬಾಟಲಿ ಇದೆ. ನನಗೆ ಹಲ್ಲು ಕಚ್ಚಿಕೊಂಡು ಕೂರುವುದೊಂದೇ ದಾರಿ. “ನಮ್ಮಪ್ಪ ಬೆಳಿಗ್ಗೆ ಹತ್ತಿದ್ರೆ ಸಂಜೆವರೆಗೂ ಒಂದು ಹನಿ ಮುಟ್ಟಲ್ಲ” ಎಂದು ಸ್ಕೂಲಿನಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದವನು ನೀನೇ. ಆ ಶೌರ್ಯವೇ ಅವರನ್ನು ತಿಂದಿತು.

ಕಿಡ್ನಿ ನೂರಕ್ಕೆ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತ ನೋಡಿ ಡಾಕ್ಟರು ಏನೋ ಅಂಕಿ ಹೇಳಿದರು. ಪರವಾಗಿಲ್ಲ, ಚಿಂತೆ ಬೇಡ. ಗಾಳಿ ಇಳಿಯಿತು, ಕೆಳಗೆ ಬೊಬ್ಬೆ ಶುರುವಾಗಿದೆ.

ಅಕ್ಕ

*

ಫೆಬ್ರವರಿ 27

ಅಕ್ಕಾ,

ಅಪ್ಪನ ಮೇಲೆ ಗೂಬೆ ಕೂರಿಸಿಲ್ಲ. ಅಪ್ಪನಿಗೂ ಅದನ್ನು ಯಾರೋ ಕೊಟ್ಟದ್ದೇ. ಸಾಯುವ ಮುಂಚೆ ಅವರಿಗೆ ಮಾಡಿದ ಸ್ಕ್ಯಾನಿನಲ್ಲೂ ಇವೇ ಗುಳ್ಳೆಗಳಿದ್ದವು. ಸಿಟ್ಟು ಬದಿಗಿಟ್ಟು ಸ್ವಲ್ಪ ಕೇಳು.

ಒಂದೊಂದು ಜೀವಕೋಶದಲ್ಲೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಅಪ್ಪನದೊಂದು, ಅಮ್ಮನದೊಂದು. ನಿನಗೆ ಅಪ್ಪನಿಂದ ಬಂದ ಪ್ರತಿ ಕೆಟ್ಟಿದೆ. ಅಮ್ಮನದು ಚೆನ್ನಾಗಿದೆ, ಅದೊಂದರಿಂದಲೇ ಕೋಶ ಸಂಸಾರ ತೂಗಿಸುತ್ತದೆ. ಆದರೆ ವರ್ಷ ಕಳೆದಂತೆ ಎಲ್ಲೋ ಒಂದು ಕೋಶದಲ್ಲಿ ಅಮ್ಮನ ಪ್ರತಿಗೂ ಪೆಟ್ಟು ಬೀಳುತ್ತದೆ. ಆ ಕೋಶ ಕಿಡ್ನಿಯೊಳಗಿನ ಸಣ್ಣ ನಾಳದ ಗೋಡೆಯಲ್ಲಿ ಸಾಲಾಗಿ ನಿಲ್ಲುವುದನ್ನು ಬಿಟ್ಟು ಮರಿ ಮೇಲೆ ಮರಿ ಹಾಕುತ್ತದೆ, ಗೋಡೆ ಉಬ್ಬುತ್ತದೆ, ಕೊನೆಗೆ ನಾಳದಿಂದ ಕಳಚಿಕೊಂಡು ಗುಳ್ಳೆಯಾಗುತ್ತದೆ. ಅಂದರೆ ನಿನ್ನ ಒಂದೊಂದು ಗುಳ್ಳೆಯೂ ಒಂದೊಂದು ಕೋಶದಿಂದ ಹುಟ್ಟಿದ್ದು. ಅಪ್ಪನ ದೋಷ ಎಲ್ಲದರಲ್ಲೂ ಒಂದೇ, ಎರಡನೆಯ ಪೆಟ್ಟು ಮಾತ್ರ ಬೇರೆ ಬೇರೆ.

ಆ ಜೀನಿನ ಕೆಲಸವನ್ನೂ ಹೇಳುತ್ತೇನೆ. ಪ್ರತಿ ಕೋಶದ ತಲೆಯ ಮೇಲೆ ಒಂದು ಸಣ್ಣ ರೋಮ ನಿಂತಿರುತ್ತದೆ. ಅದರ ಮೇಲೆ ಎರಡು ಪ್ರೋಟೀನುಗಳು ಜೋಡಿಯಾಗಿ ಕೂತು ಕ್ಯಾಲ್ಸಿಯಂಗೆ ಬಾಗಿಲು ಕಾಯುತ್ತವೆ. ನಿನ್ನ ಭಾಷೆಯಲ್ಲಿ ಹೇಳಬೇಕೆಂದರೆ ಅದು ಕೋಶದ ವಾಕಿಟಾಕಿ. ಹೊರಗಿನಿಂದ ಅದಕ್ಕೆ ಏನು ಕೇಳಿಸುತ್ತದೆ ಎಂಬುದರ ಬಗ್ಗೆ ನಮ್ಮ ಲ್ಯಾಬಿನವರೇ ಇನ್ನೂ ಕಚ್ಚಾಡುತ್ತಿದ್ದಾರೆ. ಅದು ಕೆಟ್ಟರೆ ಕೋಶಕ್ಕೆ ತಾನು ಎಲ್ಲಿದ್ದೇನೆ, ಯಾವಾಗ ಬೆಳೆಯುವುದನ್ನು ನಿಲ್ಲಿಸಬೇಕು ಎಂಬುದು ತಿಳಿಯುವುದಿಲ್ಲ ಎಂಬುದಂತೂ ನಿಜ.

ಈಗ ನಿನ್ನ ಕ್ರೇನಿಗೆ ಬರೋಣ. ನೀನು ಹೇಳಿದ್ದರಲ್ಲೂ ಹುರುಳಿದೆ. ಬಾಯಾರಿದಾಗ ಮಿದುಳು ಒಂದು ಹಾರ್ಮೋನ್ ಕಳಿಸಿ ಕಿಡ್ನಿಗೆ “ನೀರು ಉಳಿಸು” ಎನ್ನುತ್ತದೆ. ಆಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು ಏರುತ್ತದೆ. ಒಳ್ಳೆಯ ಕೋಶಕ್ಕೆ ಆ ಅಣು “ಸುಮ್ಮನಿರು” ಎನ್ನುತ್ತದೆ. ಕ್ಯಾಲ್ಸಿಯಂ ಕಡಿಮೆಯಾದ ಈ ಕೋಶಗಳಿಗೆ ಅದೇ ಅಣು “ಬೆಳಿ” ಎನ್ನುತ್ತದೆ, ಗುಳ್ಳೆಯೊಳಗೆ ನೀರನ್ನೂ ತುಂಬಿಸುತ್ತದೆ. ಕಾಯಿಲೆ ಕೊಟ್ಟದ್ದು ಜೀನ್. ಅದಕ್ಕೆ ದಿನವೂ ಗೊಬ್ಬರ ಹಾಕಿದ್ದು ನಿನ್ನ ಕ್ಯಾಬಿನ್.

ಆದ್ದರಿಂದ ನೀರು ಕುಡಿ. ಇದರಿಂದ ವಾಸಿಯಾಗುವುದಿಲ್ಲ, ಎಷ್ಟು ನಿಧಾನವಾಗುತ್ತದೆಂಬುದರಲ್ಲೂ ಒಮ್ಮತವಿಲ್ಲ. ಆದರೂ ಕುಡಿ, ದಿನವಿಡೀ ಕುಡಿ.

ನಮ್ಮ ಲ್ಯಾಬಿಗೆ ಆಸ್ಪತ್ರೆಗಳಿಂದ ಇಂಥ ಕಿಡ್ನಿಗಳು ಐಸ್ ಪೆಟ್ಟಿಗೆಯಲ್ಲಿ ಬರುತ್ತವೆ. ಹೆಸರಿರುವುದಿಲ್ಲ, ನಂಬರ್ ಮಾತ್ರ. ಇಷ್ಟು ವರ್ಷ ನಂಬರುಗಳನ್ನು ನೋಡುತ್ತಿದ್ದವನಿಗೆ ಈಗ ನಿನ್ನ ಮುಖ ಕಾಣಿಸುತ್ತದೆ. ಅಪ್ಪ ತೀರಿಕೊಂಡ ವರ್ಷ ನನಗೂ ಸ್ಕ್ಯಾನ್ ಮಾಡಿಸಿದ್ದರು. ನನ್ನಲ್ಲಿ ಏನೂ ಇರಲಿಲ್ಲ, ನಾನು ಪಾರಾದೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆ ಅಂಕಿ ಎಷ್ಟೆಂದು ನೀನು ಬರೆದಿಲ್ಲ. ಬರಿ.

ತಮ್ಮ

*

ಏಪ್ರಿಲ್ 6
ಕ್ಯಾಬಿನ್‌ನಿಂದ, ವಿಜಯೋತ್ಸವದ ನಡುವೆ

ಮಹಾ ವಿಜ್ಞಾನಿಗಳೇ,

ನಿಮ್ಮ ಅಕ್ಕ ಯುದ್ಧ ಗೆದ್ದಿದ್ದಾಳೆ. ಕೂತು ಓದು.

ನಿನ್ನ ಕಾಗದ ಬಂದ ಮರುದಿನವೇ ದೊಡ್ಡ ಬಾಟಲಿ ಹೆಗಲಿಗೆ ನೇತುಹಾಕಿಕೊಂಡು ಹತ್ತಿದೆ. ಕುಡಿದೆ. ಕುಡಿದ ಮೇಲೆ ಇಳಿಯಲೇಬೇಕಲ್ಲ, ಇಳಿದೆ. ಕೆಳಗಿನಿಂದ ನನಗೆ ಸಿಗ್ನಲ್ ಕೊಡುವ ಪೀಪಿ ಗೊತ್ತಲ್ಲ, ಮಾತಾಡಿದರೆ ಜಾತ್ರೆ ಪೀಪಿ ಊದಿದ ಹಾಗಿರುತ್ತದೆ, ಅವನು ವಾಕಿಟಾಕಿಯಲ್ಲಿ ಕಿರುಚಿದ: “ಅಕ್ಕಾ, ಎಲ್ಲಿಗೆ? ಕಾಂಕ್ರೀಟ್ ಗಟ್ಟಿ ಆಗ್ತಿದೆ!”

“ನಂಗೂ ತಡ್ಕೊಳ್ಳೋಕೆ ಆಗ್ತಿಲ್ಲ!” ಎಂದೆ. ಇಡೀ ಸೈಟಿಗೆ ಕೇಳಿಸಿತು. ಕೇಳಿಸಲಿ ಬಿಡು.

ಸೂಪರ್‌ವೈಸರ್ ಏಣಿಯ ಬುಡದಲ್ಲೇ ಕಾದು ನಿಂತಿದ್ದ. “ಏನಮ್ಮಾ ಇದು? ನಿಮ್ಮಪ್ಪ ಇಡೀ ದಿನ ಇಳೀತಾ ಇರ್ಲಿಲ್ಲ.”

“ನಮ್ಮಪ್ಪ ಎಷ್ಟು ಬೇಗ ಸತ್ರು ಅನ್ನೋದೂ ನೆನಪಿದ್ಯಾ ಸಾರ್?”

ಅವನು ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿದ. ಈ ಗಾಳಿಯಲ್ಲಿ ಈ ಯಂತ್ರ ಆಡಿಸುವವರು ಇನ್ನೊಬ್ಬರಿದ್ದರೆ ಕರೆದುಕೊಂಡು ಬನ್ನಿ ಎಂದೆ. ದಿನವೂ ಕುಡಿದೆ, ದಿನವೂ ಇಳಿದೆ. ಲಾರಿಗಳು ಸಾಲುಗಟ್ಟಿದವು. ಕೊನೆಗೆ ಅವರೇ ಸೋತು, ನನ್ನ ಕ್ಯಾಬಿನ್‌ಗಿಂತ ಸ್ವಲ್ಪ ಕೆಳಗಿನ ಅಂತಸ್ತಿನಲ್ಲಿ ಒಂದು ಡಬ್ಬಿ ಶೌಚಾಲಯ ಇಡಿಸಿದರು. ಏಣಿಯಿಂದ ಅಲ್ಲಿಗೊಂದು ಹಲಗೆ ದಾರಿ. ಆ ಡಬ್ಬಿಯನ್ನು ನೆಲದಿಂದ ಮೇಲೆತ್ತಿದ್ದು ಯಾರು ಹೇಳು? ನಾನೇ! ಇಷ್ಟು ವರ್ಷದಲ್ಲಿ ಯಾವ ಲೋಡನ್ನೂ ಅಷ್ಟು ಜೋಪಾನವಾಗಿ ಇಳಿಸಿರಲಿಲ್ಲ. ಕೆಳಗಿದ್ದವರೆಲ್ಲ ಚಪ್ಪಾಳೆ ಹೊಡೆದರು, ಪೀಪಿ ಸೆಲ್ಯೂಟ್ ಹೊಡೆದ.

ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಬೈದು, ಆಮೇಲೆ ತಾವೂ ಒಂದು ಲೋಟ ಕುಡಿಯುತ್ತಿದ್ದರು.

ಒಂದೇ ತಕರಾರು. ಸಂಜೆ ಹೊತ್ತಿಗೆ ಶೂ ಕಾಲಿಗೆ ಬಿಗಿಯಾಗುತ್ತಿದೆ, ಏಣಿ ಹತ್ತುವಾಗ ಏದುಸಿರು ಬರುತ್ತದೆ. ದಪ್ಪ ಆಗಿದ್ದೇನೆ ಅಂತ ಕಾಣುತ್ತದೆ. ಬಾಟಲಿ ಮಾತ್ರ ಬಿಟ್ಟಿಲ್ಲ, ನಿನ್ನಾಣೆ.

ಅಕ್ಕ

*

ಏಪ್ರಿಲ್ 15
ಕೊರಿಯರ್‌ನಲ್ಲಿ

ಅಕ್ಕಾ,

ನೀರು ನಿಲ್ಲಿಸು. ಈ ಕ್ಷಣವೇ.

ಶೂ ಬಿಗಿಯಾಗುವುದು ದಪ್ಪ ಆಗಿ ಅಲ್ಲ. ನಾನು ಹೇಳಿದ ನೀರಿನ ಮಾತು, ಕುಡಿದದ್ದನ್ನು ಹೊರಗೆ ಹಾಕುವ ಶಕ್ತಿ ಇನ್ನೂ ಇರುವ ಕಿಡ್ನಿಗೆ ಮಾತ್ರ. ಆ ಶಕ್ತಿ ಹೋಗಿದ್ದರೆ ನೀರು ಮೈಯಲ್ಲೇ ನಿಂತು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶಕ್ಕೆ ನುಗ್ಗುತ್ತದೆ. ನಿನ್ನ ಫೋನ್ ಬಂದ್ ಆಗಿದೆ. ಭಾವನಿಗೆ ಫೋನ್ ಮಾಡಿ ಅವಳ ನೀರು ನಿಲ್ಲಿಸಿ ಎಂದರೆ “ಚೆನ್ನಾಗಿದಾಳೆ, ಬರೀ ಸುಸ್ತು” ಎಂದರು. ಅದು ನೀನು ಬಾಯಿಪಾಠ ಮಾಡಿಸಿದ ಮಾತೆಂದು ತಿಳಿಯದಷ್ಟು ದಡ್ಡನಲ್ಲ ನಾನು.

ಅಂಕಿ ಎಷ್ಟು? ಅಂಕಿ ಎಷ್ಟು ಅಕ್ಕಾ?

*

ಮೇ 20
ಮನೆಯಿಂದ

ತಮ್ಮಾ,

ನಿನ್ನ ಕೊರಿಯರ್ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ಏಣಿಯ ನಡುವೆ ಉಸಿರು ಕಟ್ಟಿತು. ಬೆಲ್ಟ್ ಇತ್ತು, ನೇತಾಡಿದೆ, ಪೀಪಿ ಮತ್ತು ಇನ್ನಿಬ್ಬರು ಹತ್ತಿ ಬಂದು ಮೂಟೆ ಇಳಿಸಿದ ಹಾಗೆ ಇಳಿಸಿದರು. ಆಮೇಲಿನದನ್ನು ನೀನೇ ಬಂದು ನೋಡಿದೆ. ಆ ಅಂಕಿಯನ್ನೂ ಡಾಕ್ಟರ ಬಾಯಿಂದಲೇ ಕೇಳಿದೆ. ಫೆಬ್ರವರಿಯಲ್ಲೇ ಅದು ಹದಿನಾಲ್ಕು. ನೂರರಲ್ಲಿ ಹದಿನಾಲ್ಕು ಎಂದರೆ ಸ್ಕೂಲಿನಲ್ಲೂ ನಾಪಾಸು ಎಂದು ನನಗೂ ಗೊತ್ತಿತ್ತು. ಬರೆದಿದ್ದರೆ ನೀನು ಬಂದು ಕ್ರೇನಿನಿಂದ ಇಳಿಸುತ್ತಿದ್ದೆ. ಅದಕ್ಕೇ ಬರೆಯಲಿಲ್ಲ. ನಿನ್ನ ನೀರು ನನ್ನನ್ನು ಬೀಳಿಸಲಿಲ್ಲ, ನನ್ನ ಬಾಯಿ ಮುಚ್ಚಿಕೊಂಡದ್ದು ಬೀಳಿಸಿತು. ಅಳುವುದಿದ್ದರೆ ಬೇರೆ ಯಾವುದಕ್ಕಾದರೂ ಅಳು.

ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಯಂತ್ರದ ಪಕ್ಕ ಮಲಗಿ ಚಾವಣಿ ನೋಡುವುದು. ನಾನೇ ಎತ್ತಿ ಇಟ್ಟ ತೊಲೆಗಳಂಥ ತೊಲೆಗಳಿವೆ ಅಲ್ಲಿ. ಒಂದು ಸ್ವಲ್ಪ ಸೊಟ್ಟ ಕೂತಿದೆ, ನೋಡಿದಷ್ಟೂ ಮೈ ಉರಿಯುತ್ತದೆ.

ಅವತ್ತು ನೀನು ಮಂಚದ ಪಕ್ಕ ನಿಂತು “ನಾನು ಕೊಡ್ತೀನಿ ಅಕ್ಕಾ, ನಂಗೆರಡಿವೆ” ಎಂದೆ. ನಾನು ಗೋಡೆ ಕಡೆ ತಿರುಗಿದೆ. ಬೇಡ ಎಂದು ತಿರುಗಿದ್ದಲ್ಲ, ಅಳುವುದು ನಿನಗೆ ಕಾಣಬಾರದೆಂದು. ಈಗ ಬರೆಯುತ್ತಿದ್ದೇನೆ: ಬೇಕು. ನಿಮ್ಮ ಭಾವನಿಗೆ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ. ಮಗಳು “ನಾನು ಕೊಡ್ಲಾಮ್ಮ” ಎಂದಾಗ ಬಾಯಿ ಮುಚ್ಚಿಸಿದೆ. ಅವಳೊಳಗೆ ಏನಿದೆಯೋ ಯಾರಿಗೆ ಗೊತ್ತು? ನೀನು ಪಾರಾದವನು. ನಿನ್ನದು ಕೊಡು. ನನಗೆ ಮತ್ತೆ ಮೇಲೆ ಹೋಗಬೇಕು.

ಅಕ್ಕ

*

ಜುಲೈ 19

ತಮ್ಮನಿಗೆ,

ಎರಡು ತಿಂಗಳಾಯಿತು. ಫೋನ್ ಮಾಡಿದರೆ “ಟೆಸ್ಟ್ ನಡೀತಿದೆ” ಎನ್ನುತ್ತೀ. ಎಂಥ ಟೆಸ್ಟಪ್ಪಾ ಅದು, ಚಂದ್ರಲೋಕಕ್ಕೆ ಹೋಗಿ ಬರುವಂಥದ್ದು? ಈಚೆಗೆ ನೀನು ಎತ್ತುವುದೂ ಇಲ್ಲ, ನಿನ್ನ ಹೆಂಡತಿ ಎತ್ತುತ್ತಾಳೆ. “ಅವ್ರು ಮಲಗಿದಾರೆ ಅಕ್ಕಾ” ಎನ್ನುತ್ತಾಳೆ, ಹಾಡು ಹಗಲಿನಲ್ಲಿ.

ನಾನೇನು ಮಗುವಾ? ಅವಳು ಬೇಡ ಎಂದಿದ್ದಾಳೆ. ತನ್ನ ಗಂಡನನ್ನು ಸೀಳುವುದು ಯಾವ ಹೆಂಡತಿಗೂ ಇಷ್ಟವಿರುವುದಿಲ್ಲ, ಒಪ್ಪುತ್ತೇನೆ. ಆದರೆ ನೀನು ಅವಳ ಸೆರಗಿನ ಹಿಂದೆ ಅಡಗಿಕೊಂಡಿದ್ದೀಯಲ್ಲ, ಅದನ್ನು ಹೇಗೆ ಒಪ್ಪಲಿ? ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳು, ತಡೆದುಕೊಳ್ಳುತ್ತೇನೆ. ಆಸೆ ತೋರಿಸಿ ಕಾಯಿಸಬೇಡ.

ಇನ್ನೊಂದು ಸುದ್ದಿ. ಎಡಗಡೆಯ ಕಿಡ್ನಿಯಲ್ಲಿ ಗುಳ್ಳೆ ಒಡೆದು ರಕ್ತ ಹೋಗುತ್ತಿದೆ, ಸಾಲದ್ದಕ್ಕೆ ಮೇಲಿಂದ ಮೇಲೆ ಜ್ವರ. ಅದನ್ನು ತೆಗೆದೇ ಬಿಡಬೇಕಂತೆ. ಕುಂಬಳಕಾಯಿಯಷ್ಟಾಗಿದೆಯಂತೆ. ಒಂದನ್ನು ತೆಗೆಯಲು ಎಲ್ಲರೂ ಸಿದ್ಧ, ಒಂದನ್ನು ಕೊಡಲು ಮಾತ್ರ ಯಾರಿಗೂ ಪುರಸೊತ್ತಿಲ್ಲ.

ಅಕ್ಕ

*

ಜುಲೈ 28

ಅಕ್ಕಾ,

ಬೈದದ್ದು ಸಾಲದು. ಆದರೆ ನನ್ನನ್ನು ಬೈ, ಅವಳನ್ನಲ್ಲ.

ಕೊಡುವವರ ಪರೀಕ್ಷೆಯಲ್ಲಿ ಮೊದಲು ಸ್ಕ್ಯಾನ್ ಇರುತ್ತದೆ. ಪರದೆಯ ಮೇಲೆ ಕಾಣಿಸಿದ್ದನ್ನು ಡಾಕ್ಟರು ವಿವರಿಸಬೇಕಾಗಲಿಲ್ಲ. ಗುಳ್ಳೆಗಳು, ಎರಡೂ ಕಡೆ. ಆಸ್ಪತ್ರೆಯಲ್ಲಿ ನಿನ್ನಿಂದ ತೆಗೆದ ರಕ್ತದ ಜೊತೆಗೇ ನನ್ನ ಜೀನನ್ನೂ ಓದಿಸಿದೆವು. ನಿನ್ನಲ್ಲಿ ಎಲ್ಲಿ ಕೆಟ್ಟಿದೆಯೋ ನನ್ನಲ್ಲೂ ಅಲ್ಲೇ.

ಅಪ್ಪ ಹೋದಾಗ ನಾನು ಹೈಸ್ಕೂಲ್ ಹುಡುಗ. ಆ ವಯಸ್ಸಿನಲ್ಲಿ ಸ್ಕ್ಯಾನ್ ಚೆನ್ನಾಗಿದ್ದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ, ಗುಳ್ಳೆಗಳು ಇನ್ನೂ ಕಣ್ಣಿಗೆ ಬೀಳದಷ್ಟು ಚಿಕ್ಕವಿರಬಹುದು. ಇದು ಈ ಕೆಲಸದ ಅಕ್ಷರಮಾಲೆ. ಹೊಸಬರಿಗೆ ಇದನ್ನು ಕಲಿಸುವವನೇ ನಾನು. ಊರಿಗೆಲ್ಲ ಸ್ಕ್ಯಾನ್ ಮಾಡಿಸಿ ಎಂದು ಡಂಗುರ ಹೊಡೆದವನು, ಆ ಒಂದು ಹಳೆಯ ಚೀಟಿಯನ್ನು ನಂಬಿ ಮತ್ತೆ ಒಮ್ಮೆಯೂ ಸ್ಕ್ಯಾನಿನ ಮಂಚದ ಮೇಲೆ ಮಲಗಲಿಲ್ಲ. ಪಾರಾಗಿದ್ದೇನೆ ಎಂಬ ಸುಖ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಇನ್ನೊಂದು ತಮಾಷೆ ಕೇಳು. ಲ್ಯಾಬಿನೊಳಗೆ ನೀರು ಕುಡಿಯುವಂತಿಲ್ಲ, ಅದು ನಿಯಮ. ಹೊರಗೆ ಹೋಗಿ ಬರಲು ಗೌನು, ಗ್ಲೌಸು ಎಲ್ಲ ಬಿಚ್ಚಬೇಕು. ಹಾಗಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ನಾನೂ ಒಂದು ಹನಿ ಮುಟ್ಟಿದವನಲ್ಲ. ನನಗೂ ಅದು ಹೆಮ್ಮೆಯೇ ಆಗಿತ್ತು. ಕ್ರೇನ್ ಹತ್ತದೆಯೂ ಅಪ್ಪನ ಮಗನಾದೆ.

“ಅಕ್ಕಂಗೆ ಹೇಳಿ, ಅವ್ರು ಕಾಯ್ತಿದಾರೆ” ಎಂದು ನನ್ನ ಹೆಂಡತಿ ದಿನವೂ ಹೇಳಿದಳು. ನಿನಗಿದ್ದ ಒಂದೇ ದಾರಿ ಮುಚ್ಚಿತು ಎಂದು ಬರೆಯಲು ನನ್ನ ಕೈ ಏಳಲಿಲ್ಲ. ನನಗೆ ತಿಳಿಸದೆ ತನ್ನ ಕಿಡ್ನಿ ನಿನಗೆ ಹೊಂದುತ್ತದೆಯೇ ಎಂದು ಅವಳೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾಳೆ. ಹೊಂದಲಿಲ್ಲ. ಅವತ್ತು ಅವಳು ಅತ್ತಷ್ಟು ನಾನು ಅಳಲಿಲ್ಲ.

ಲ್ಯಾಬಿಗೆ ಹೋಗುತ್ತಿಲ್ಲ. ಇಷ್ಟು ವರ್ಷ ಆ ಕೋಶಗಳ ಜೊತೆ ಗುದ್ದಾಡಿದ್ದು ಸಾಕೆನಿಸಿದೆ. ಗೆದ್ದದ್ದು ಅವೇ.

ತಮ್ಮ

*

ಆಗಸ್ಟ್ 9
ಆಸ್ಪತ್ರೆಯಿಂದ

ಏಯ್,

ಏಳು ಮೇಲೆ. ಮೊದಲು ನಿನ್ನ ಹೆಂಡತಿಯನ್ನು ಕರೆದು ಈ ಸಾಲು ಅವಳಿಗೆ ತೋರಿಸು: ನಿನ್ನ ಈ ಅತ್ತಿಗೆಯ ನಾಲಗೆಗೆ ಬ್ರೇಕ್ ಇಲ್ಲಮ್ಮಾ, ತಪ್ಪಾಯಿತು. ಹೊಂದದಿದ್ದರೇನು, ಕೊಡಲು ಹೋದೆಯಲ್ಲ, ಅದು ನನಗೆ ತಲುಪಿತು.

ಈಗ ನೀನು. ನಿನ್ನ ಕಾಗದ ಓದಿ ಒಂದು ದಿನ ಅತ್ತೆ. ನನ್ನ ದಾರಿ ಮುಚ್ಚಿತೆಂದಲ್ಲ. ಮೂಗು ಒರೆಸಿಕೊಂಡು ನನ್ನ ಹಿಂದೆ ಬರುತ್ತಿದ್ದ ಹುಡುಗನಿಗೂ ಇದು ಬಂತಲ್ಲ ಎಂದು ಅತ್ತೆ. ಮರುದಿನ ಸಿಟ್ಟು ಬಂತು. ಸೋತೆ ಅಂತಾನೆ, ಇವನ್ಯಾರು ಸೋಲಲಿಕ್ಕೆ? ನಿನ್ನ ಅಂಕಿ ಎಷ್ಟೆಂದು ನಿನ್ನ ಹೆಂಡತಿಯನ್ನು ಕೇಳಿ ತಿಳಿದುಕೊಂಡಿದ್ದೇನೆ. ಎಂಬತ್ತೆಂಟು! ಎಂಬತ್ತೆಂಟು ಇಟ್ಟುಕೊಂಡು ಹಗಲು ಹೊತ್ತಲ್ಲಿ ಮುಸುಕು ಹಾಕಿ ಮಲಗಿದ್ದೀಯಾ? ನನಗೆ ಬೇಡವಾದ ನೀರು ನಿನಗೆ ಬೇಕು. ಕುಡಿ. ಲ್ಯಾಬಿನವರು ತಕರಾರು ಮಾಡಿದರೆ ಹೇಳು, ಒಂದು ಡಬ್ಬಿ ಎತ್ತಿಕೊಂಡು ಬರುತ್ತೇನೆ.

ನಾಳಿದ್ದು ನನ್ನ ಎಡಗಿಡ್ನಿ ತೆಗೆಯುತ್ತಾರೆ. ಇವತ್ತು ಸರ್ಜನ್ ಬಂದಿದ್ದರು.

“ತೆಗೆದು ಏನ್ ಮಾಡ್ತೀರಿ ಡಾಕ್ಟ್ರೇ?”

“ಒಂದು ಚೂರು ಪರೀಕ್ಷೆಗೆ ಕಳಿಸ್ತೀವಿ. ಉಳಿದಿದ್ದನ್ನ ಸುಡ್ತೀವಮ್ಮಾ.”

“ಸುಡೋಕೆ ಅದೇನು ಕಸಾನಾ? ನಂದು ತಾನೆ?”

ಅವರು ನಕ್ಕರು. ನಾನು ನಗಲಿಲ್ಲ. ನಿನ್ನ ಫೆಬ್ರವರಿಯ ಕಾಗದ ತೆಗೆದು ಮುಂದೆ ಹಿಡಿದೆ. ಒಂದೊಂದು ಗುಳ್ಳೆಯೂ ಒಂದೊಂದು ಕೋಶದಿಂದ, ಒಂದೊಂದಕ್ಕೂ ಬೇರೆ ಪೆಟ್ಟು. ನೀನೇ ಬರೆದದ್ದು. ಹಾಗಿದ್ದ ಮೇಲೆ ನನ್ನೊಳಗೆ ಓದಿಸಿಕೊಳ್ಳಲು ಎಷ್ಟು ಪೆಟ್ಟುಗಳಿವೆ! ಇಷ್ಟು ವರ್ಷ ಅನ್ನ ನೀರು ಹಾಕಿ ಸಾಕಿದ್ದೇನೆ, ಬೆಂಕಿಗೆ ಕೊಡಲೇ? ಅವರು ನಿಮ್ಮ ಲ್ಯಾಬಿಗೆ ಮಾತಾಡಿದರು, ಎಲ್ಲ ಕಡೆ ಸಹಿ ಹಾಕಿದೆ. ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ.

ನೀನು ನನಗೊಂದು ಕಿಡ್ನಿ ಕೊಡಬೇಕೆಂದಿದ್ದೆ. ಆಗಲಿಲ್ಲ. ಹಾಗಾದರೆ ನಾನೇ ನಿನಗೊಂದು ಕೊಡುತ್ತಿದ್ದೇನೆ. ತೆಗೆದುಕೋ. ನಿನಗೆ ತಡವಾಗುವುದರೊಳಗೆ, ನನ್ನ ಮಗಳಿಗೆ ಶುರುವಾಗುವುದರೊಳಗೆ ಅದನ್ನು ಬಿಚ್ಚಿ ನೋಡು. ಮುಸುಕು ಹಾಕಿ ಮಲಗಿದ್ದೀಯೆಂದು ಮತ್ತೆ ಕೇಳಿದರೆ ನಾನೇ ಬಂದು ಒದೆಯುತ್ತೇನೆ, ಹೊಲಿಗೆ ಬಿಚ್ಚಿಹೋದರೂ ಸರಿ.

ಅಕ್ಕ

*

ಸೆಪ್ಟೆಂಬರ್ 14

ಅಕ್ಕಾ,

ಬಂತು.

ಸಂಬಂಧಿಕರ ಮಾದರಿಯನ್ನು ನಾನು ಮುಟ್ಟುವಂತಿಲ್ಲ, ಅದೂ ನಿಯಮ. ಪೆಟ್ಟಿಗೆ ತೆರೆದದ್ದು ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳು. ನಾನು ಗಾಜಿನ ಬಾಗಿಲಾಚೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅವಳು ಎರಡೂ ಕೈಯಲ್ಲಿ ಎತ್ತಿ, ತಕ್ಕಡಿಗೆ ಹಾಕಿ, ನನ್ನ ಕಡೆ ತಿರುಗಿ “ನಿಮ್ಮಕ್ಕ ಇದನ್ನ ಹೊತ್ಕೊಂಡು ಏಣಿ ಹತ್ತುತ್ತಿದ್ರಾ?” ಎಂದಳು. ಹೌದು ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಪ್ರಶ್ನೆಗೂ ಉತ್ತರಿಸಿಲ್ಲ.

ಗುಳ್ಳೆ ಗುಳ್ಳೆಯಿಂದಲೂ ಬೇರೆ ಬೇರೆಯಾಗಿ ಕೋಶಗಳನ್ನು ತೆಗೆದು ತಟ್ಟೆಗಳಲ್ಲಿ ಇಟ್ಟಿದ್ದಾರೆ. ಬದುಕಿವೆ. ಕೆಲವುಗಳಲ್ಲಿ ಅಮ್ಮನ ಪ್ರತಿ ಎಲ್ಲಿ ಮುರಿದಿದೆಯೆಂದು ಆಗಲೇ ಕಂಡಿದೆ. ಕೆಲವುಗಳಲ್ಲಿ ಮುರಿದೇ ಇಲ್ಲ, ಆದರೂ ಗುಳ್ಳೆಯಾಗಿವೆ. ನನ್ನ ಜೊತೆಯವಳಿಗೆ ನಿದ್ದೆ ಇಲ್ಲ. ಪ್ರೋಟೀನ್ ಸ್ವಲ್ಪ ಕಡಿಮೆಯಾದರೂ ಗುಳ್ಳೆ ಹುಟ್ಟಲು ಸಾಕೇನೋ, ಹಾಗಾದರೆ ಉಳಿದ ಒಳ್ಳೆಯ ಪ್ರತಿಯಿಂದಲೇ ಹೆಚ್ಚು ಕೆಲಸ ಮಾಡಿಸಬಹುದಲ್ಲ ಎಂದು ವಾದಿಸುತ್ತಿದ್ದೇವೆ. ಔಷಧಿ ಸಿಕ್ಕಿತು ಎಂದು ಸುಳ್ಳು ಬರೆಯುವುದಿಲ್ಲ. ನಾಳೆ ಸಿಗುತ್ತದೆ ಎಂದೂ ಬರೆಯುವುದಿಲ್ಲ. ನಾನು ಕೆಲಸಕ್ಕೆ ವಾಪಸ್ ಬಂದಿದ್ದೇನೆ, ಅಷ್ಟು ಮಾತ್ರ ಬರೆಯಬಲ್ಲೆ.

ಬಾಟಲಿಯನ್ನು ಬಾಗಿಲ ಹೊರಗೆ ಮೇಜಿನ ಮೇಲೆ ಇಡುತ್ತೇನೆ. ಗೌನು ಬಿಚ್ಚುತ್ತೇನೆ, ಕುಡಿಯುತ್ತೇನೆ, ಮತ್ತೆ ಹಾಕಿಕೊಳ್ಳುತ್ತೇನೆ. ಎಲ್ಲರೂ ಗೊಣಗುತ್ತಾರೆ. ಗೊಣಗಲಿ.

ನೀನು ಹೇಗಿದ್ದೀ? ಅಂಕಿಗಳ ಸಮೇತ ಬರಿ.

ತಮ್ಮ

*

ಅಕ್ಟೋಬರ್ 3

ಕನ್ನಡಕದವನೇ,

ಅಂಕಿಗಳನ್ನೆಲ್ಲ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಒಂದನ್ನೂ ಮುಚ್ಚಿಟ್ಟಿಲ್ಲ. ಹೊಲಿಗೆ ಮಾಗಿದೆ. ಕಿಡ್ನಿಗೆ ಕಾಯುವವರ ಸಾಲಿನಲ್ಲಿ ನನ್ನ ಹೆಸರೂ ಇದೆ, ಸಾಲು ಉದ್ದವಿದೆ, ನನಗೂ ಹಟವಿದೆ.

ಮೇಲೆ ಹತ್ತಲು ಬಿಡುವುದಿಲ್ಲವಂತೆ. ಜಗಳ ಆಡಿದೆ, ಇದೊಂದರಲ್ಲಿ ಸೋತೆ. ಮನೆಯಲ್ಲಿ ಕೂರು ಎಂದರು, ಅದರಲ್ಲಿ ಗೆದ್ದೆ. ಡಯಾಲಿಸಿಸ್ ಇಲ್ಲದ ದಿನ ಹೊಸಬರಿಗೆ ಕ್ರೇನ್ ಕಲಿಸುತ್ತೇನೆ, ನೆಲದ ಮೇಲೆ, ವಾಕಿಟಾಕಿ ಹಿಡಿದು. ಗಾಳಿ ಮಿತಿ ಮೀರಿದರೆ ಕ್ರೇನ್ ಬಿಟ್ಟು ಇಳಿಯುವ ಮುಂಚೆ ತಿರುಗುವ ಬ್ರೇಕ್ ಸಡಿಲಿಸಬೇಕು, ತೋಳು ಗಾಳಿ ತಳ್ಳಿದ ಕಡೆ ತಿರುಗಿಕೊಂಡು ನಿಲ್ಲುತ್ತದೆ. ಬಿಗಿದಿಟ್ಟರೆ ಇಡೀ ಕ್ರೇನ್ ಮಗುಚುತ್ತದೆ. ಅದನ್ನು ಎರಡನೆಯ ಪಾಠ ಮಾಡಿದ್ದೇನೆ.

ಮೊದಲ ಪಾಠ ಏಣಿಯ ಬುಡದಲ್ಲಿ. ಒಬ್ಬೊಬ್ಬರ ಕೈಗೂ ಒಂದೊಂದು ಲೋಟ ನೀರು ಕೊಟ್ಟು, ಖಾಲಿಯಾಗುವ ತನಕ ಅಡ್ಡ ನಿಲ್ಲುತ್ತೇನೆ. ಮೊನ್ನೆ ಒಬ್ಬಳು ಕೇಳಿದಳು, “ನೀವು ಕುಡಿಯಲ್ವಾ ಮೇಡಂ?”

ನನಗೆ ದಿನಕ್ಕೆ ಇಷ್ಟೇ ಎಂದು ಅಳೆದು ಕೊಡುತ್ತಾರೆ ತಮ್ಮಾ. ನಾಲಗೆ ಒಣಗಿರುತ್ತದೆ, ಮಂಜುಗಡ್ಡೆ ಚೂರು ಚೀಪುತ್ತೇನೆ. ನೀರಿಗಾಗಿ ಅಷ್ಟು ದೊಡ್ಡ ಜಗಳ ಗೆದ್ದವಳಿಗೆ ಈಗ ನೀರೇ ಇಲ್ಲ. ಆದರೂ ಆ ಹುಡುಗಿಗೆ ಸುಳ್ಳು ಹೇಳಲಿಲ್ಲ. “ನಂದನ್ನ ನನ್ನ ತಮ್ಮ ಕುಡೀತಾನೆ” ಎಂದೆ.

ನನ್ನ ಮಾತು ಉಳಿಸು. ನನ್ನ ಪಾಲಿನದನ್ನೂ ಕುಡಿ.

ಅಕ್ಕ